ಉಪ್ಪಿಗೊಂದು ಅಪ್ಪಣೆ

ಕೊಕ್ಕರ್ಣೆಯ ಕಡೆ ಮಾವಿನ ಮಿಡಿ ಬಂತೆಂದರೆ ಭರಣಿಗೆ ಕಲ್ಲುಪ್ಪೇ ಆಗಬೇಕು; ಅಯೋಡಿನ್ ಬೆರೆಸಿದ ಪೊಟ್ಟಣದ ಪುಡಿಯುಪ್ಪನ್ನು ಒಪ್ಪುವ ಹಿರಿಯರು ಕಡಿಮೆ. ರುಚಿಯ ವಿಷಯವೆಂದು ಕಂಡರೂ ಇದರಲ್ಲಿ ಸರ್ಕಾರವೂ ಸುಪ್ರೀಂ ಕೋರ್ಟೂ ತಲೆಹಾಕಿವೆ.

ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ನಡೆದ ಪ್ರಯೋಗದಲ್ಲಿ ಅಯೋಡಿನ್ ಉಪ್ಪಿನಿಂದ ಕುತ್ತಿಗೆ ಬಾಯುವ ಗಳಗಂಡ ರೋಗ ಇಳಿಯಿತು. 1962ರಲ್ಲಿ ಅದಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಬಂತು. 1998ರಲ್ಲಿ ಕೇಂದ್ರ ಸರ್ಕಾರ, ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದನ್ನೇ ನಿಷೇಧಿಸಿತು. ಉಣ್ಣುವುದರಲ್ಲಿ ಬಲವಂತ ಸಲ್ಲದೆಂದು 2000ದಲ್ಲಿ ನಿಷೇಧ ತೆಗೆದು, 2006ರಲ್ಲಿ ಮತ್ತೆ ಹೇರಿತು. ಕಲಬೆರಕೆ ತಡೆಯುವ ಕಾಯ್ದೆಯಡಿ ಇಂಥ ಕಡ್ಡಾಯ ಮಾಡುವಂತಿಲ್ಲ ಎಂದು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುತಿಂಗಳೇ ಜಾರಿಯಾದ ಹೊಸ ಆಹಾರ ಸುರಕ್ಷತಾ ನಿಯಮಗಳಲ್ಲಿ ಅದೇ ನಿಷೇಧ ಬಂದು ಕೂತಿತ್ತು!

ಕಡಲಿನ ಉಪ್ಪಿನಲ್ಲಿ ಅಯೋಡಿನ್ ಇದ್ದೇ ಇದೆಯಲ್ಲ ಎನ್ನುವವರುಂಟು. ಹರಳಾದ ಉಪ್ಪಿನಲ್ಲಿ ಉಳಿಯುವುದು ಅತ್ಯಲ್ಪ. ಗರ್ಭಿಣಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಪೆಟ್ಟು ಬೀಳುವುದು ಹುಟ್ಟುವ ಮಗುವಿನ ಮೆದುಳಿಗೆ. ಆ ಮಗು ಯಾವ ಉಪ್ಪನ್ನೂ ಆರಿಸಿಕೊಂಡಿರುವುದಿಲ್ಲ. ಊಟದ ಉಪ್ಪಿನ ಮಟ್ಟಿಗೆ ಕಡ್ಡಾಯವೇ ಸರಿ ಎನಿಸುವುದು ಅದಕ್ಕೇ.

ಮಿಡಿಯ ಭರಣಿಗೆ ಕಾನೂನಿನ ತಕರಾರಿಲ್ಲ. ಆಹಾರ ಕೆಡದಂತೆ ಇಡುವುದಕ್ಕೆಂದು ಚೀಟಿ ಹಚ್ಚಿ ಸಾದಾ ಉಪ್ಪನ್ನು ಮಾರಬಹುದು. ಅದೇ ಚೀಲದ ಉಪ್ಪು ದಿನದ ಗಂಜಿಗೂ ಬಿದ್ದರೆ ಕೇಳುವವರಾರು?