ಕಾಲ್ಚೆಂಡಾಟದ ಸಂಪತ್ತು ಮತ್ತು ದಾನದ ಕ್ರಮ

ಕ್ರೀಡೆಯು ದೇಹಪುಷ್ಟಿಗೂ ಮನೋಲ್ಲಾಸಕ್ಕೂ ಸಾಧನವೆಂಬುದು ಸರ್ವವಿದಿತ. ಆದರೆ ಅದೇ ಕ್ರೀಡೆಯು ಅಪಾರ ಸಂಪತ್ತಿನ ಮೂಲವಾದಾಗ, ಆ ಸಂಪತ್ತಿನಲ್ಲಿ ಸಮಾಜದ ಪಾಲೆಷ್ಟು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಯೂರೋಪಿನ ವೃತ್ತಿಪರ ಕಾಲ್ಚೆಂಡಾಟಗಾರರಲ್ಲಿ ಕೆಲವರು ಈ ಪ್ರಶ್ನೆಗೆ ತಮ್ಮ ನಡತೆಯಿಂದ ಕೊಟ್ಟಿರುವ ಉತ್ತರಗಳು, ದಾನ ಮಾಡುವವರಿಗೂ ದಾನದಿಂದ ನಡೆಯುವ ಸಂಸ್ಥೆಗಳಿಗೂ ವಿಚಾರಯೋಗ್ಯವಾಗಿವೆ.

ಇಂಗ್ಲೆಂಡಿನಲ್ಲಿ 1961ರ ಜನವರಿಯವರೆಗೆ ಆಟಗಾರರ ವೇತನಕ್ಕೆ ಕಟ್ಟುನಿಟ್ಟಾದ ಮಿತಿಯಿತ್ತು. ಎಂತಹ ನಿಪುಣನೇ ಆಗಲಿ, ವಾರಕ್ಕೆ 20 ಪೌಂಡಿಗಿಂತ ಹೆಚ್ಚಿನ ವೇತನ ಪಡೆಯುವಂತಿರಲಿಲ್ಲ. ಆ ಮಿತಿ ರದ್ದಾದಾಗ ಫುಲ್‌ಹ್ಯಾಮ್ ತಂಡದ ಜಾನಿ ಹೇನ್ಸ್ ಅವರು ವಾರಕ್ಕೆ 100 ಪೌಂಡ್ ಪಡೆದ ಮೊದಲ ಆಟಗಾರರೆನಿಸಿದರು. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದ ಮೇಲೆ ದೂರದರ್ಶನ ಪ್ರಸಾರದ ಹಕ್ಕುಗಳಿಂದ ಹಣದ ಹೊಳೆಯೇ ಹರಿಯಿತು. ಇಂದು ಅಗ್ರಶ್ರೇಣಿಯ ಕೆಲವರ ಒಂದು ವಾರದ ಗಳಿಕೆಯೇ ಲಕ್ಷಾಂತರ ಪೌಂಡುಗಳು. ಇವರಲ್ಲಿ ಅನೇಕರು ಬಡತನದ ಮನೆಗಳಲ್ಲಿ ಹುಟ್ಟಿ ಬೆಳೆದವರೆಂಬುದು ಗಮನಾರ್ಹ.

ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದ ಸಾಡಿಯೊ ಮಾನೆ ಅವರ ಹುಟ್ಟೂರು ಬಾಂಬಾಲಿ. ಆಸ್ಪತ್ರೆಯಿಲ್ಲದ ಆ ಹಳ್ಳಿಯಲ್ಲಿ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮುಂದೆ ಲಿವರ್‌ಪೂಲ್ ತಂಡದಲ್ಲಿ ಕೀರ್ತಿ ಗಳಿಸಿದಾಗ ಊರಿಗೆ ಮೊದಲು ಶಾಲೆಯನ್ನು ಕಟ್ಟಿಸಿಕೊಟ್ಟರು. 2021ರಲ್ಲಿ ಅವರ ನೆರವಿನ ಆಸ್ಪತ್ರೆಯೂ ತೆರೆಯಿತು. ಇದಕ್ಕೆ ಸುಮಾರು 5 ಲಕ್ಷ ಪೌಂಡ್ ವೆಚ್ಚವಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಆದರೆ ಕಟ್ಟಡವೊಂದೇ ಆಸ್ಪತ್ರೆಯಾಗಲಾರದು. ವೈದ್ಯರು ಬೇಕು, ದಾದಿಯರು ಬೇಕು. ಇದನ್ನರಿತು ಅವರು ರಾಷ್ಟ್ರಾಧ್ಯಕ್ಷ ಮ್ಯಾಕಿ ಸಾಲ್ ಅವರನ್ನು ಕಂಡು ಸಿಬ್ಬಂದಿಗಾಗಿ ಸರ್ಕಾರದ ಸಹಕಾರವನ್ನು ಕೋರಿದರು. ದಾನಿಯ ಹೊಣೆ ಕಟ್ಟಡದ ಉದ್ಘಾಟನೆಯೊಂದಿಗೆ ಮುಗಿಯುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಹಣವನ್ನು ಮಾತ್ರವಲ್ಲದೆ ತನ್ನ ಕೀರ್ತಿಯನ್ನೂ ಪರರ ಹಿತಕ್ಕಾಗಿ ವಿನಿಯೋಗಿಸಬಹುದೆಂಬುದನ್ನು ಮ್ಯಾಂಚೆಸ್ಟರಿನ ಮಾರ್ಕಸ್ ರ್‍ಯಾಶ್‌ಫೋರ್ಡ್ ತೋರಿಸಿಕೊಟ್ಟರು. ಬಾಲ್ಯದಲ್ಲಿ ಶಾಲೆಯ ಉಚಿತ ಊಟವನ್ನುಂಡು ಬೆಳೆದ ಅವರು, 2020ರ ಕೋವಿಡ್ ಸಂಕಟಕಾಲದಲ್ಲಿ ಫೇರ್‌ಶೇರ್ ಸಂಸ್ಥೆಯೊಡಗೂಡಿ ಹಸಿದ ಕುಟುಂಬಗಳಿಗಾಗಿ ನಿಧಿ ಸಂಗ್ರಹಿಸಿದರು. ಬೇಸಿಗೆಯ ರಜೆಯಲ್ಲಿ ಬಡ ಮಕ್ಕಳಿಗೆ ಆಹಾರದ ನೆರವು ನಿಲ್ಲುವುದೆಂದು ತಿಳಿದಾಗ, ಜೂನ್ 15ರಂದು ಪಾರ್ಲಿಮೆಂಟಿನ ಸದಸ್ಯರೆಲ್ಲರಿಗೂ ಬಹಿರಂಗ ಪತ್ರ ಬರೆದರು. ಮರುದಿನವೇ ಸರ್ಕಾರ ತನ್ನ ನಿಲುವನ್ನು ಬದಲಿಸಿ, ಇಂಗ್ಲೆಂಡಿನ ಸುಮಾರು 13 ಲಕ್ಷ ಮಕ್ಕಳಿಗಾಗಿ 12 ಕೋಟಿ ಪೌಂಡುಗಳ ಯೋಜನೆಯನ್ನು ಘೋಷಿಸಿತು. ಯಾವ ಆಟಗಾರನ ಥೈಲಿಯೂ ಒಂದೇ ದಿನದಲ್ಲಿ ಇಷ್ಟನ್ನು ನೀಡಲಾರದು.

ಸದುದ್ದೇಶವಿದ್ದರೂ ಲೆಕ್ಕಪತ್ರದ ಸ್ಪಷ್ಟತೆಯಿಲ್ಲದಿದ್ದರೆ ದಾನಕ್ಕೆ ಕುಂದುಂಟಾಗುತ್ತದೆ. ಐವರಿ ಕೋಸ್ಟಿನ ಪ್ರಖ್ಯಾತ ಆಟಗಾರ ಡಿಡಿಯೆ ಡ್ರೊಗ್ಬಾ ಅವರು ತಮ್ಮ ಜಾಹೀರಾತಿನ ಸಂಭಾವನೆಯನ್ನು ತಾಯ್ನಾಡಿನ ಸೇವೆಗೆ ಮುಡಿಪಾಗಿಟ್ಟವರು. ಅವರ ಪ್ರತಿಷ್ಠಾನದ ಬ್ರಿಟಿಷ್ ಶಾಖೆಯ ಬಗೆಗೆ 2016ರಲ್ಲಿ ಆಕ್ಷೇಪಗಳೆದ್ದಾಗ ಅಲ್ಲಿಯ ಚಾರಿಟಿ ಕಮಿಷನ್ ವಿಚಾರಣೆ ನಡೆಸಿತು. ವಂಚನೆಯಾಗಲಿ ಭ್ರಷ್ಟಾಚಾರವಾಗಲಿ ಕಂಡುಬರಲಿಲ್ಲ. ಆದರೆ ಬ್ರಿಟನ್ನಿನಲ್ಲಿ ಕೂಡಿದ ಹಣದ ಬಹುಭಾಗ ಬ್ಯಾಂಕಿನಲ್ಲಿಯೇ ಉಳಿದಿದ್ದು, ಅದು ಆಗಲೇ ಸೇವೆಗೆ ಬಳಕೆಯಾಗುತ್ತಿದೆಯೆಂಬ ತಪ್ಪು ಕಲ್ಪನೆ ದಾನಿಗಳಲ್ಲಿ ಮೂಡುವಂತಿತ್ತೆಂದು ಆಯೋಗವು ಹೇಳಿತು. ಶುದ್ಧ ಹಸ್ತದೊಡನೆ ಶುದ್ಧ ಲೆಕ್ಕವೂ ಇರಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಬಿಡಿ ದಾನವನ್ನು ವ್ಯವಸ್ಥೆಯನ್ನಾಗಿಸುವ ಯತ್ನವೊಂದುಂಟು. ಸ್ಪೇನಿನ ಆಟಗಾರ ಹ್ವಾನ್ ಮಾಟಾ ಅವರು 2017ರ ಆಗಸ್ಟಿನಲ್ಲಿ ತಮ್ಮ ವೇತನದ ಶೇಕಡ 1 ಭಾಗವನ್ನು ಸಮಾಜಕ್ಕೆ ನೀಡುವುದಾಗಿ ಸಾರಿ, ಜೊತೆಗಾರರನ್ನೂ ಆಹ್ವಾನಿಸಿದರು. ‘ಕಾಮನ್ ಗೋಲ್’ ಎಂಬ ಈ ಸಂಕಲ್ಪಕ್ಕೆ ಜರ್ಮನಿಯ ಮಾಟ್ಸ್ ಹುಮೆಲ್ಸ್, ಇಟಲಿಯ ಜಾರ್ಜೊ ಕಿಯೆಲ್ಲಿನಿ, ಅಮೆರಿಕದ ಮಹಿಳಾ ತಂಡದ ಮೇಗನ್ ರ್‍ಯಾಪಿನೋ ಮೊದಲಾದವರು ಕೈಜೋಡಿಸಿದರು. ಹೀಗೆ ಕೂಡಿದ ನಿಧಿಯು ಕಾಲ್ಚೆಂಡಾಟದ ಮೂಲಕ ಬಡ ಮಕ್ಕಳ ಶಿಕ್ಷಣ, ಆರೋಗ್ಯಗಳಿಗಾಗಿ ದುಡಿಯುವ ಹಲವು ದೇಶಗಳ ಸಂಸ್ಥೆಗಳಿಗೆ ಸಲ್ಲುತ್ತದೆ.

ಅಷ್ಟು ಗಳಿಸುವವರಿಗೆ ಶೇಕಡ ಒಂದು ತೀರ ಅಲ್ಪವಲ್ಲವೆ ಎಂದು ಕೇಳಬಹುದು. ಅಲ್ಪವೇ ಸರಿ; ಆದರೆ ಅದರ ಬಲವಿರುವುದೂ ಆ ಅಲ್ಪತೆಯಲ್ಲಿಯೇ. ಸಾಧಾರಣ ವೇತನದವರೂ ಅದನ್ನು ಕೊಡಬಲ್ಲರು. ಕೊಡಲಾಗದೆಂಬ ನೆಪ ಯಾರಿಗೂ ಉಳಿಯದು. ಹನಿಹನಿಗೂಡಿದರೆ ಹಳ್ಳವೆಂಬ ನಮ್ಮ ಗಾದೆ ಇಲ್ಲಿ ಅನ್ವರ್ಥವಾಗಿದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತಿಗೆ ಈ ಬಹಿರಂಗ ಘೋಷಣೆ ವಿರುದ್ಧವೆನಿಸಬಹುದು. ಆದರೆ ಹೆಸರಿಗಾಗಿ ಸಾರುವುದು ಬೇರೆ, ಇತರರನ್ನು ಕೂಡಿಸಿಕೊಳ್ಳಲೆಂದು ಸಾರುವುದು ಬೇರೆ. ಇಡೀ ಕಾಲ್ಚೆಂಡಾಟದ ಉದ್ಯಮವೇ ತನ್ನ ಆದಾಯದ ಶೇಕಡ ಒಂದನ್ನು ಸಮಾಜಕ್ಕೆ ಮೀಸಲಿಡಬೇಕೆಂಬುದು ಮಾಟಾ ಅವರ ಗುರಿ, ಅದಿನ್ನೂ ಬಹುದೂರದಲ್ಲಿದೆ.

ಉಕ್ಕಿದ ಕರುಣೆಯಿಂದ ಒಮ್ಮೆ ಕೊಟ್ಟದ್ದು ದೊಡ್ಡದಾಗಿ ಕಾಣುತ್ತದೆ. ನಿಯಮದಿಂದ ವರ್ಷವರ್ಷವೂ ಕೊಟ್ಟದ್ದು ಬಾಳುತ್ತದೆ. ಶಾಲೆಗೆ ಕೊಠಡಿ ಕಟ್ಟಿಸಿದವರು ಪ್ರಾತಃಸ್ಮರಣೀಯರು. ಅದರೊಳಗೆ ದೀಪ ಆರದಂತೆ, ಶಿಕ್ಷಕರ ಸಂಬಳ ತಪ್ಪದಂತೆ, ಮಕ್ಕಳ ಪುಸ್ತಕಕ್ಕೆ ಕೊರತೆಯಾಗದಂತೆ ತಮ್ಮ ಗಳಿಕೆಯ ಒಂದಂಶವನ್ನು ತಪ್ಪದೆ ಸಲ್ಲಿಸುವವರೂ, ಅದರ ಲೆಕ್ಕವನ್ನು ತಪ್ಪದೆ ಒಪ್ಪಿಸುವವರೂ ಅವರಷ್ಟೇ ವಂದ್ಯರು.