ರೆಪ್ಪೆ ಬಡಿಯಲು ಮೂವತ್ತೆರಡು ವರ್ಷ

ಅಡ್ಡ ಮಲಗಿಸಿದ ಒಂದು ತಂಪು ಪಾನೀಯದ ಬಾಟಲಿ. ಬೆಳಕಿನ ತುಣುಕೊಂದು ತಳದಿಂದ ಒಳಹೊಕ್ಕು, ಬಾಟಲಿಯ ಉದ್ದಕ್ಕೂ ನಿಧಾನವಾಗಿ ಸಾಗಿ, ಮುಚ್ಚಳಕ್ಕೆ ಬಡಿದು ಚದುರುತ್ತದೆ. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್ 2011ರ ಡಿಸೆಂಬರ್‌ನಲ್ಲಿ ಹೊರತಂದ ವಿಡಿಯೊ ಇದು. ಆಂಡ್ರಿಯಾಸ್ ವೆಲ್ಟೆನ್, ನಾಸಿಕ್‌ನಲ್ಲಿ ಹುಟ್ಟಿದ ರಮೇಶ್ ರಾಸ್ಕರ್, ಮುಂದೆ 2023ರಲ್ಲಿ ನೊಬೆಲ್ ಪಡೆದ ರಸಾಯನ ವಿಜ್ಞಾನಿ ಮೌಂಗಿ ಬಾವೆಂಡಿ ಮತ್ತು ಅವರ ಜೊತೆಗಾರರು ಸೇರಿ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕನ್ನು ನಮ್ಮ ಕಣ್ಣೆದುರು ನಡೆಸಿದ್ದರು.

ಈ ನಡಿಗೆ ಎಷ್ಟು ನಿಧಾನ ಎಂದು ಲೆಕ್ಕ ಹಾಕಿ ನೋಡಬೇಕು. ಒಂದಡಿ ಉದ್ದದ ಬಾಟಲಿ ದಾಟಲು ಬೆಳಕಿಗೆ ಸುಮಾರು ಒಂದು ನ್ಯಾನೊಸೆಕೆಂಡ್ ಸಾಕು. ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಅದು ಪರದೆಯ ಮೇಲೆ ಹತ್ತು ಸೆಕೆಂಡ್ ಕಾಣಬೇಕಾದರೆ ಕಾಲವನ್ನು ಸಾವಿರ ಕೋಟಿ ಪಟ್ಟು ಹಿಗ್ಗಿಸಬೇಕು. ಅದೇ ಲೆಕ್ಕದಲ್ಲಿ, ಸೆಕೆಂಡಿಗೆ 300 ಮೀಟರ್ ಹೋಗುವ ಬಂದೂಕಿನ ಗುಂಡು ಅದೇ ಬಾಟಲಿ ದಾಟುವುದನ್ನು ನೋಡಲು ನಾಲ್ಕು ತಿಂಗಳು ಕೂರಬೇಕು. ಯುಗಾದಿಯ ದಿನ ಹೊರಟ ಗುಂಡು ನಾಗರಪಂಚಮಿಯ ಹೊತ್ತಿಗೆ ಇನ್ನೊಂದು ತುದಿ ಮುಟ್ಟೀತು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಾವು ಬಡಿಯುವ ರೆಪ್ಪೆಗೆ ಆ ವಿಡಿಯೊದಲ್ಲಿ 32 ವರ್ಷ ಹಿಡಿಯುತ್ತದೆ.

ಇಷ್ಟು ವೇಗವಾಗಿ ತೆರೆದು ಮುಚ್ಚುವ ಶಟರ್ ಯಾರ ಬಳಿಯೂ ಇರಲಿಲ್ಲ. ಅವರು ಬಳಸಿದ ಸ್ಟ್ರೀಕ್ ಕ್ಯಾಮೆರಾಕ್ಕೆ ಇಡೀ ದೃಶ್ಯ ಕಾಣುವುದೇ ಇಲ್ಲ. ಅದು ಕೂದಲೆಳೆಯಂಥ ಸೀಳಿನಿಂದ ದೃಶ್ಯದ ಒಂದೇ ಗೆರೆಯನ್ನು ನೋಡುತ್ತದೆ. ಒಳಬಂದ ಬೆಳಕು ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ವಿದ್ಯುತ್ ಕ್ಷೇತ್ರ ಅವನ್ನು ಪಕ್ಕಕ್ಕೆ ಬಾಗಿಸುತ್ತದೆ. ಮೊದಲು ಬಂದದ್ದು ಒಂದೆಡೆ ಬಿದ್ದರೆ ತಡವಾಗಿ ಬಂದದ್ದು ಇನ್ನೊಂದೆಡೆ ಬೀಳುತ್ತದೆ. ಹೀಗೆ ಕಾಲವೇ ಪಟದ ಮೇಲೆ ಹರವಿಕೊಳ್ಳುತ್ತದೆ. ಆಮೇಲೆ ಕನ್ನಡಿಯನ್ನು ತುಸುವೇ ತಿರುಗಿಸಿ ಮುಂದಿನ ಗೆರೆ, ಮತ್ತೆ ತಿರುಗಿಸಿ ಅದರ ಮುಂದಿನದು. ಪ್ರತಿ ಗೆರೆಗೂ ಲೇಸರ್ ಮತ್ತೆ ಮತ್ತೆ, ಸೆಕೆಂಡಿಗೆ ಕೋಟಿಗಟ್ಟಲೆ ಸಲ, ಅದೇ ಬಾಟಲಿಯೊಳಗೆ ಅದೇ ಥರದ ಮಿಡಿತವನ್ನು ಕಳಿಸುತ್ತಿರುತ್ತದೆ. ಕೊನೆಗೆ ಕಂಪ್ಯೂಟರ್ ಎಲ್ಲ ಗೆರೆಗಳನ್ನೂ ಹೆಣೆದು ಫ್ರೇಮ್ ಕಟ್ಟುತ್ತದೆ. ಒಂದು ಫ್ರೇಮಿನ ಅವಧಿ ಸುಮಾರು ಎರಡು ಪಿಕೊಸೆಕೆಂಡ್. ಅಷ್ಟರಲ್ಲಿ ಬೆಳಕು ಮುಂದೆ ಸರಿಯುವುದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು.

ಒಂದು ನ್ಯಾನೊಸೆಕೆಂಡಿನ ಘಟನೆಗೆ ಬೇಕಾದ ಮಾಹಿತಿ ಕಲೆಹಾಕಲು ಸುಮಾರು ಒಂದು ಗಂಟೆ ಹಿಡಿಯಿತು. ನಡೆದದ್ದಕ್ಕಿಂತ ಚಿತ್ರೀಕರಣವೇ 3,60,000 ಕೋಟಿ ಪಟ್ಟು ದೀರ್ಘ! ನಾವು ನೋಡುವ ಆ ಒಂದು ಬೆಳಕಿನ ತುಣುಕು ನಿಜಕ್ಕೂ ಎಣಿಸಲಾಗದಷ್ಟು ತುಣುಕುಗಳು ಸೇರಿ ಆದದ್ದು. ನನಗೆ ಅದರ ಬೆಲೆ ಇದರಿಂದ ಒಂದಿಷ್ಟೂ ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆ. ಪ್ರತಿ ಸಲವೂ ಬೆಳಕು ಒಂದೇ ಥರ ನಡೆದುಕೊಳ್ಳುತ್ತದೆ ಎಂಬ ಭರವಸೆಯ ಮೇಲಲ್ಲವೆ ಆ ವಿಡಿಯೊ ನಿಂತಿರುವುದು?

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರ ಮುಂದಿದ್ದದ್ದು ಬೇರೆ ಕಷ್ಟ. ಬಿಬಿಸಿಯಲ್ಲಿ ಕೆಲಸ ಮಾಡಿದ್ದ ಬ್ರಾಡಿ ಹಾರಾನ್ 2008ರಲ್ಲಿ ಕ್ಯಾಮೆರಾ ಹಿಡಿದು ಅಲ್ಲಿನ ರಸಾಯನ ಪ್ರಾಧ್ಯಾಪಕ ಮಾರ್ಟಿನ್ ಪೊಲಿಯಕಾಫ್ ಮತ್ತು ಸಂಗಡಿಗರ ಜೊತೆ ನಿಂತರು. ಆವರ್ತಕೋಷ್ಟಕದ 118 ಧಾತುಗಳಿಗೂ ಒಂದೊಂದು ವಿಡಿಯೊ, ಮೇಲೆರಡು ಸೇರಿ 120, ಎಲ್ಲ ಐದೇ ವಾರದಲ್ಲಿ. ದಿನಕ್ಕೆ ಮೂರೂವರೆ ವಿಡಿಯೊ ಬಿತ್ತು. ಬರೆದಿಟ್ಟುಕೊಂಡ ಮಾತು ಒಂದೂ ಇಲ್ಲ. ಸೋಡಿಯಂ ಆದರೆ ನೀರಿಗೆ ಹಾಕಿ ಸಿಡಿಸಿ ತೋರಿಸಬಹುದು. 118ನೆಯ ಧಾತುವಿನಲ್ಲಿ ತೋರಿಸುವುದಾದರೂ ಏನನ್ನು? ಜಗತ್ತಿನಲ್ಲಿ ಅದರ ಪರಮಾಣುಗಳನ್ನು ಬೆರಳೆಣಿಕೆಯಷ್ಟು ಸೃಷ್ಟಿಸಿದ್ದಾರೆ, ಅವು ಉಳಿದದ್ದೂ ಮಿಲಿಸೆಕೆಂಡುಗಳ ಲೆಕ್ಕದಷ್ಟು ಹೊತ್ತು ಮಾತ್ರ. ಆಗ ಅದಕ್ಕೊಂದು ನಿಜವಾದ ಹೆಸರೂ ಇರಲಿಲ್ಲ; ಒಗನೆಸ್ಸಾನ್ ಎಂಬ ಹೆಸರು ಸಿಕ್ಕಿದ್ದು 2016ರಲ್ಲಿ.

ಅದೇ ತಂಡ ಪೊಲಿಯಕಾಫ್ ಅವರ ಕೆದರಿದ ಬಿಳಿಗೂದಲಿನ ಒಂದೆಳೆಯ ಮೇಲೆ ಅಯಾನು ಕಿರಣದಿಂದ ಇಡೀ ಆವರ್ತಕೋಷ್ಟಕವನ್ನೇ ಕೊರೆಸಿತು. ಅದರ ಅಗಲ ಸುಮಾರು 90 ಮೈಕ್ರೋಮೀಟರ್, ಎತ್ತರ 46. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಅಂಥ 24,000 ಕೋಷ್ಟಕ ಹಿಡಿಸುತ್ತವೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಕಥೆ. ಪಿಚ್ ಎಂಬುದು ಡಾಂಬರಿನಂಥ ಕಪ್ಪು ವಸ್ತು. ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಪುಡಿಯಾಗುತ್ತದೆ, ಆದರೂ ಅದು ದ್ರವ ಎಂದು ತೋರಿಸಲು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಥಾಮಸ್ ಪಾರ್ನೆಲ್ 1927ರಲ್ಲಿ ಅದನ್ನು ಕಾಯಿಸಿ ಲಾಳಿಕೆಗೆ ಸುರಿದರು. ಅದು ಕುದುರಿಕೊಳ್ಳಲೆಂದು ಮೂರು ವರ್ಷ ಬಿಟ್ಟು, 1930ರಲ್ಲಿ ಲಾಳಿಕೆಯ ತುದಿ ಕತ್ತರಿಸಿದರು. ಮೊದಲ ಹನಿ ಬಿದ್ದದ್ದು 1938ರಲ್ಲಿ. ಹರಿಯುವುದರಲ್ಲಿ ಪಿಚ್ ನೀರಿಗಿಂತ 23,000 ಕೋಟಿ ಪಟ್ಟು ಮಂದ ಎಂಬ ಲೆಕ್ಕ ಹೊರಟದ್ದು ಈ ಹನಿಗಳಿಂದಲೇ.

1961ರಲ್ಲಿ ಅಲ್ಲಿಗೆ ಬಂದ ಜಾನ್ ಮೇನ್‌ಸ್ಟೋನ್ ಐವತ್ತಕ್ಕೂ ಹೆಚ್ಚು ವರ್ಷ ಆ ಲಾಳಿಕೆಯನ್ನು ಕಾದರು. ಹನಿ ಕಳಚುವ ಗಳಿಗೆಯನ್ನು ಆವರೆಗೆ ಯಾರೂ ಕಂಡಿರಲಿಲ್ಲ. 1979ರಲ್ಲಿ ಇನ್ನೇನು ಬೀಳುತ್ತದೆ ಎನ್ನುವಾಗ ಅವರು ಮನೆಗೆ ಹೋಗಿದ್ದರು. 1988ರಲ್ಲಿ ಏನೋ ಕುಡಿಯಲೆಂದು ಐದು ನಿಮಿಷ ಆಚೆ ಹೋದಾಗ ಬಿತ್ತು. 2000ದ ನವೆಂಬರ್‌ನಲ್ಲಿ ಕ್ಯಾಮೆರಾ ಕಾವಲಿತ್ತು, ಆದರೆ ಅದು ಕೆಟ್ಟು ಏನೂ ದಾಖಲಾಗಲಿಲ್ಲ. ಕೊನೆಯ ಈ ಎರಡು ಹನಿಗಳ ನಡುವಿನ ಹನ್ನೆರಡು ಚಿಲ್ಲರೆ ವರ್ಷವನ್ನು ಎಂಐಟಿಯ ಒಂದು ಫ್ರೇಮಿನಿಂದ ಭಾಗಿಸಿದರೆ ಸಿಗುವುದು ಎರಡರ ಮುಂದೆ ಇಪ್ಪತ್ತು ಸೊನ್ನೆ. ವಿಶ್ವವಿದ್ಯಾಲಯಗಳ ಕ್ಯಾಮೆರಾಗಳು ದುಡಿಯುವ ಹರವು ಅಷ್ಟು ದೊಡ್ಡದು.

2013ರ ಜುಲೈ 11ರಂದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ, 1944ರಲ್ಲಿ ಶುರುವಾಗಿದ್ದ ಇಂಥದೇ ಪ್ರಯೋಗದ ಹನಿ ಮೊದಲ ಬಾರಿಗೆ ಕ್ಯಾಮೆರಾದ ಮುಂದೆ ಬಿತ್ತು. ಮೇನ್‌ಸ್ಟೋನ್ ಬೇರೆಯವರ ಆ ಹನಿಯ ವಿಡಿಯೊವನ್ನು ತಿರುಗಿ ತಿರುಗಿ ನೋಡಿದರು. ಆರು ವಾರದಲ್ಲಿ ತೀರಿಕೊಂಡರು.

ಅವರ ಒಂಬತ್ತನೆಯ ಹನಿ 2014ರ ಏಪ್ರಿಲ್‌ನಲ್ಲಿ ಕೆಳಗೆ ಬಿದ್ದಿದ್ದ ಎಂಟನೆಯದಕ್ಕೆ ತಾಗಿ ನಿಂತಿತು. ಬೀಕರ್ ಬದಲಿಸಲು ಹೋದಾಗ ಪೀಠ ಅಲುಗಿ ಹನಿ ಕಳಚಿಕೊಂಡಿತು. ಈಗ ಹತ್ತನೆಯದರ ಸರದಿ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಅದನ್ನು ನೇರವಾಗಿ ನೋಡುತ್ತ ಕೂರಬಹುದು. ಲಾಳಿಕೆಯಲ್ಲಿ ಇನ್ನೂ ನೂರು ವರ್ಷಕ್ಕಾಗುವಷ್ಟು ಪಿಚ್ ಇದೆ.