ಮಗುವಿನ ಆತ್ಮಹತ್ಯೆಗೆ ಅಪ್ಪ-ಅಮ್ಮನೇ ಕಾರಣವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಪರೀಕ್ಷೆಯ ಫಲಿತಾಂಶ ಬಂದ ಮರುದಿನ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇಂಥ ಸಂದೇಶ ಬಂದಿರಬಹುದು: ತೀರಿಕೊಂಡ ಹುಡುಗನ ಫೋಟೊ, ಅವನು ಬರೆದಿಟ್ಟ ಚೀಟಿ, ಕೊನೆಗೆ ‘ಹೆತ್ತವರು ಗಮನ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬ ಬುದ್ಧಿಮಾತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಅಷ್ಟೂ ಮನೆಗಳವರು ಈ ಸಂದೇಶ ಓದಿದರೆ ಹೇಗಿರುತ್ತದೆ, ಯೋಚಿಸಿ.

ನಂಬಿಕೆ 1: ತಪ್ಪು ಹೆತ್ತವರದ್ದೇ.
ನಿಜಾಂಶ: ಆತ್ಮಹತ್ಯೆಗೆ ಒಂದೇ ಕಾರಣ ಇರುವುದು ಅಪರೂಪ. ಖಿನ್ನತೆ, ಅವಮಾನ, ಒಂಟಿತನ, ಆ ಕ್ಷಣದ ಆವೇಗ ಹೀಗೆ ಹಲವು ಸೇರಿರುತ್ತವೆ. ಎಷ್ಟೋ ಮಕ್ಕಳು ನೋವನ್ನು ಮನೆಯವರಿಂದಲೇ ಮುಚ್ಚಿಡುತ್ತಾರೆ. ಎಲ್ಲ ಮುಗಿದ ಮೇಲೆ ‘ಅವತ್ತು ಊಟ ಬೇಡ ಅಂದಿದ್ದನಲ್ಲ’ ಎಂದು ಸುಳಿವುಗಳು ಎದ್ದು ಕಾಣುತ್ತವೆ. ಆದರೆ ಅವತ್ತು ಅದು ಮಾಮೂಲಿ ಮುನಿಸಿನಂತೆಯೇ ಇತ್ತು.

ನಂಬಿಕೆ 2: ಮಗುವಿನ ಹೆಸರೆತ್ತಬಾರದು, ನೋವಾಗುತ್ತದೆ.
ನಿಜಾಂಶ: ಅವರು ಮರೆತಿದ್ದರೆ ತಾನೇ ನಾವು ನೆನಪಿಸುವುದು? ಬೇರೆ ಸಾವಿನ ಮನೆಗೆ ಬರುವ ಜನ ಇಲ್ಲಿ ಬಾಗಿಲಲ್ಲೇ ಪಿಸುಗುಟ್ಟಿ ಹೋಗುತ್ತಾರೆ. ಈ ಮೌನವೇ ಅನೇಕ ಹೆತ್ತವರನ್ನು ಒಂಟಿಯಾಗಿಸುತ್ತದೆ. ‘ಯಾಕೆ, ಹೇಗೆ’ ಎಂದು ಕೆದಕಬೇಡಿ. ‘ಅವನ ನಗು ನೆನಪಾಗುತ್ತದೆ’ ಎನ್ನಿ. ತಿಥಿ ಮುಗಿದ ಮೇಲೂ ಹೋಗಿ ಬನ್ನಿ.

ನಂಬಿಕೆ 3: ‘ಸಾಯುವ ಯೋಚನೆ ಬರುತ್ತಿದೆಯಾ’ ಎಂದು ಕೇಳಿದರೆ ನಾವೇ ದಾರಿ ತೋರಿಸಿದಂತೆ.
ನಿಜಾಂಶ: ಹಾಗಾಗುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಕೇಳಿದರೆ ಮನಸ್ಸು ಹಗುರವಾಗಬಹುದು. ಮಗುವನ್ನು ಹೀಗೆ ಕಳೆದುಕೊಂಡವರಲ್ಲೂ ಇಂಥ ಯೋಚನೆಯ ಅಪಾಯ ಹೆಚ್ಚು. ಅದಕ್ಕೇ ಮೆಲ್ಲಗೆ, ನೇರವಾಗಿ ಕೇಳಿ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.

ಫೋಟೊ, ಚೀಟಿ ಹಂಚಬಹುದೇ? ಬೇಡ. ಸಾವಿನ ವಿಧಾನ, ಚೀಟಿಯ ವಿವರ ಹರಡಿದರೆ ಅದೇ ಸಂಕಟದಲ್ಲಿರುವ ಇನ್ನೊಬ್ಬರು ಅನುಕರಿಸುವ ಅಪಾಯವಿದೆ. ಇವನ್ನು ಪ್ರಕಟಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೇ ಸಲಹೆ ನೀಡಿದೆ. ನಮ್ಮ ಗ್ರೂಪುಗಳಿಗೂ ಅದು ಅನ್ವಯಿಸುತ್ತದೆ.

ಫಾರ್ವರ್ಡ್ ಮಾಡಲೇಬೇಕೆಂದರೆ ಈ ನಂಬರ್ ಮಾಡಿ: ಟೆಲಿ ಮಾನಸ್, 14416. ಸರ್ಕಾರದ ಉಚಿತ ಸಹಾಯವಾಣಿ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಮಗುವನ್ನು ಕಳೆದುಕೊಂಡ ಅಪ್ಪ-ಅಮ್ಮನೂ ಕರೆ ಮಾಡಬಹುದು.